ಸಮಯ ಮಿಕ್ಕರೆ ನೋಡಬಹುದು

ಆ ದಿನದ ಅನಾಹುತಕ್ಕೆಲ್ಲ ಮೂಲ ಅರ್ಧ ಚಮಚ ಎಣ್ಣೆ.

ಬಂದರಿನ ಹಳೆಯ ಕೋಟೆಯೊಳಗೊಂದು ಜೈಲಿತ್ತು. ಅದರ ಒಂಬತ್ತನೆಯ ಕೋಣೆಯ ಬಾಗಿಲು ಹತ್ತೊಂಬತ್ತು ವರ್ಷಗಳಿಂದ ಹಲ್ಲುನೋವಿನ ಮುದುಕನಂತೆ ನರಳುತ್ತಿತ್ತು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಏಕೆಂದರೆ ಅಲ್ಲಿಗೆ ಬರುವವರೇ ಅಪರೂಪ. ಹಡಗಿನಿಂದಿಳಿದು ಊರು ನೋಡುವವರಿಗೆಂದು ಪ್ರವಾಸಿ ಕಚೇರಿ ಹಂಚುತ್ತಿದ್ದ ಮಡಿಕೆ ಕಾಗದದಲ್ಲಿ ಹನ್ನೊಂದು ಸ್ಥಳಗಳಿದ್ದವು. ದೀಪಸ್ತಂಭ ಮೊದಲನೆಯದು, ನೂರೆಂಬತ್ತು ಮೆಟ್ಟಿಲು, ಮೇಲೆ ತಂಪು ಗಾಳಿ. ಆಮೇಲೆ ಕೋಟೆಗೋಡೆಯ ಮೇಲಿನ ನಡಿಗೆ, ಫಿರಂಗಿಯ ಮೇಲೆ ಕುಳಿತು ಫೋಟೊ, ಸುಂಕದ ಕಟ್ಟೆಯ ಗೋದಾಮು, ದೋಣಿ ವಿಹಾರ, ಮೀನು ಮಾರುಕಟ್ಟೆ, ಹಗ್ಗ ಹೊಸೆಯುವ ಕಾರ್ಖಾನೆ, ಹೀಗೆ ಹತ್ತು. ಹನ್ನೊಂದನೆಯದರ ಎದುರು ಚಿತ್ರವಿರಲಿಲ್ಲ. ಒಂದು ಸಾಲಿತ್ತು: ‘ಹಳೆಯ ಜೈಲು. ಸಮಯ ಮಿಕ್ಕರೆ ನೋಡಬಹುದು.’

ಯಾರಿಗೂ ಸಮಯ ಮಿಕ್ಕುತ್ತಿರಲಿಲ್ಲ. ಅಲ್ಲಿನ ಬೀಗ ನೋಡಿಕೊಳ್ಳುವವನೊಬ್ಬನನ್ನು ಬಿಟ್ಟು.

ಅವನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ದಿನಗೂಲಿ. ಬಂದವರನ್ನು ಒಂಬತ್ತನೆಯ ಕೋಣೆಯಲ್ಲಿ ಹತ್ತು ನಿಮಿಷ ಕೂಡಿಹಾಕಿ, ‘ಕತ್ತಲೆಯ ಅನುಭವ’ ಕೊಟ್ಟು, ಮತ್ತೆ ಹೊರಗೆ ಬಿಡುವುದು ಅವನ ಕೆಲಸ. ಬಾಗಿಲು ಪೂರ್ತಿ ಮುಚ್ಚಿದರೆ ಹೊರಗಿನ ಕಬ್ಬಿಣದ ಅಗುಳಿ ತನ್ನ ಭಾರಕ್ಕೆ ತಾನೇ ಬಿದ್ದು ಬೀಗ ಕೂರುತ್ತಿತ್ತು. ತೆಗೆಯಬೇಕಾದರೆ ಹೊರಗಿನಿಂದ ಕೀಲಿಕೈ ತಿರುಗಿಸಬೇಕು. ಆದರೆ ತುಕ್ಕಿನ ದಯೆಯಿಂದ ಅದು ತಾನಾಗಿ ಮುಚ್ಚುವ ಬಾಗಿಲಾಗಿರಲಿಲ್ಲ. ಹೆಗಲು ಕೊಟ್ಟು ತಳ್ಳಬೇಕಿತ್ತು.

ಆ ದಿನ ಮಧ್ಯಾಹ್ನ ಮೂರಕ್ಕೆ ಪ್ರವಾಸಿ ಕಚೇರಿಯ ನಿರ್ದೇಶಕರು ಪರಿಶೀಲನೆಗೆ ಬರುವವರಿದ್ದರು. ಮೆಚ್ಚಿದರೆ ಬೀಗದಣ್ಣನ ಕೆಲಸ ಖಾಯಂ. ಖಾಯಂ ಆದರೆ ಬಂದರಿನ ಹಿಂದಿನ ಸಾಲು ವಸತಿಗೃಹದಲ್ಲಿ ಎರಡು ಕೋಣೆಯ ಮನೆ. ಆ ಮನೆ ಅವನಿಗೆ ಅಂದೇ ಬೇಕಾಗಿತ್ತು. ಆರು ವರ್ಷದಿಂದ ಹೆಂಡತಿಯ ಅಣ್ಣನ ಮಹಡಿಯ ಮೇಲಿನ ಕೋಣೆಯಲ್ಲಿ ಹೆಂಡತಿ, ಮಗಳೊಡನೆ ಸಂಸಾರ. ತನ್ನ ಮಗನಿಗೆ ಮದುವೆಯಾಗಿ ಸೊಸೆ ಬರುತ್ತಾಳೆ, ಕೋಣೆ ಖಾಲಿ ಮಾಡು ಎಂದು ಆ ಭಾವ ಮೂರು ಸಲ ಗಡುವು ಕೊಟ್ಟಿದ್ದ. ಮೂರನೆಯ ಗಡುವು ಅಂದಿನ ಸಂಜೆಗೆ ಮುಗಿಯುತ್ತಿತ್ತು.

ಬೆಳಿಗ್ಗೆ ಮೆಟ್ಟಿಲಿಳಿಯುವಾಗಲೇ ಭಾವ ಅಡ್ಡ ಬಂದಿದ್ದ. “ಏನಪ್ಪ, ಇವತ್ತಾದ್ರೂ ಮನುಷ್ಯ ಆಗ್ತೀಯೋ, ಇಲ್ವೋ? ನನ್ನ ಸೊಸೇನ ಎಲ್ಲಿ ಮಲಗಿಸ್ಲಿ, ನಿನ್ನ ತಲೆ ಮೇಲಾ?”

“ಇವತ್ತು ಆಗುತ್ತೆ ಭಾವ.”

“ನನ್ನ ತಂಗೀನ ಕೊಡೋವಾಗ್ಲೂ ನೀನು ಇದೇ ಮಾತು ಹೇಳಿದ್ದೆ.”

ಹೆಂಡತಿ ಊಟದ ಡಬ್ಬಿಯ ಜೊತೆಗೆ ಒಂದು ಪುಟ್ಟ ಎಣ್ಣೆ ಶೀಶೆ ಇಟ್ಟಳು. “ರೀ, ಆ ಬಾಗಿಲಿಗೆ ಎರಡು ಹನಿ ಹಾಕಿ. ದೊಡ್ಡೋರು ಬಂದಾಗ ಕಿರ್‍ರೋ ಅಂದ್ರೆ, ಇವನಿಗೆ ಒಂದು ಬಾಗಿಲು ನೋಡ್ಕೊಳ್ಳೋಕೆ ಬರಲ್ಲ ಅಂತ ಅಂದ್ಕೋತಾರೆ.”

ಹೆಂಡತಿಯ ಮಾತನ್ನು ಬೀಗದಣ್ಣ ಎಂದೂ ಅರ್ಧಕ್ಕೆ ಪಾಲಿಸಿದವನಲ್ಲ. ಎರಡು ಹನಿಯ ಬದಲು ಅರ್ಧ ಚಮಚ ಹಾಕಿದ. ಹತ್ತು ಗಂಟೆಗೆ, ಮೂಲೆಯ ಜೇಡರ ಬಲೆ ತೆಗೆಯೋಣವೆಂದು ಪೊರಕೆ ಹಿಡಿದು ಒಳಗೆ ಹೋದ. ಕಡಲಿನಿಂದ ಒಂದು ಗಾಳಿ ಬಂತು. ಹತ್ತೊಂಬತ್ತು ವರ್ಷ ನರಳಿದ ಬಾಗಿಲು ಒಂದೇ ಒಂದು ಮಾತಾಡದೆ, ಬುದ್ಧಿ ಕಲಿತ ಮಗುವಿನಂತೆ, ಮೆತ್ತಗೆ ಮುಚ್ಚಿಕೊಂಡಿತು. ಹೊರಗೆ ಅಗುಳಿ ಠಣ್ ಎಂದಿತು.

ಬೀಗದಣ್ಣನಿಗೆ ಮೊದಲು ಗಾಬರಿಯಾಗಲಿಲ್ಲ. ಕೀಲಿಕೈ ಅವನ ಸೊಂಟದಲ್ಲೇ ಇತ್ತು. ಆಮೇಲೆ ಗಾಬರಿಯಾಯಿತು. ಕೀಲಿಕೈ ಅವನ ಸೊಂಟದಲ್ಲಿತ್ತು, ಬೀಗದ ತೂತು ಹೊರಗಿತ್ತು.

ಬಾಗಿಲ ಬುಡದಲ್ಲಿ ಹಿಂದಿನ ಕಾಲದಲ್ಲಿ ಕೈದಿಗೆ ತಟ್ಟೆ ತಳ್ಳಲು ಮಾಡಿದ ಕಿಂಡಿಯಿತ್ತು, ಒಂದು ಗೇಣಗಲ, ನಾಲ್ಕು ಬೆರಳೆತ್ತರ. ಬೀಗದಣ್ಣ ನೆಲಕ್ಕೆ ಕೆನ್ನೆ ಒತ್ತಿ ಮಲಗಿ, ಯಾರಾದರೂ ಬರಲೆಂದು ಕಾದ. ಮುಕ್ಕಾಲು ಗಂಟೆಯ ನಂತರ ಎರಡು ಬಿಳಿ ಬೂಟುಗಳು ಬಂದವು. ಅವುಗಳ ಮೇಲೆ ಒಬ್ಬಳು ದೂರದೇಶದ ಅಜ್ಜಿಯಿದ್ದಳು. ದೀಪಸ್ತಂಭದ ಮೆಟ್ಟಿಲು ಹತ್ತಲಾರದೆ ಗುಂಪಿನಿಂದ ಹಿಂದುಳಿದವಳು. ಅಂದರೆ ಸಮಯ ಮಿಕ್ಕವಳು.

“ಅಮ್ಮಾ! ತಾಯಿ! ಇಲ್ಲಿ, ಕೆಳಗೆ!”

ಅಜ್ಜಿ ಬಗ್ಗಿ ನೋಡಿದಳು. ಭಾಷೆ ಬರದವಳು. ಬೀಗದಣ್ಣ ಕಿಂಡಿಯಿಂದ ಕೀಲಿಕೈ ಹೊರಗೆ ತಳ್ಳಿ, ಬೆರಳು ತಿರುವಿ ತಿರುವಿ ತೋರಿಸಿದ.

ಅಜ್ಜಿಯ ಮುಖ ಅರಳಿತು. ಕೋಟೆ ಬಾಗಿಲ ಅಂಗಡಿಯಲ್ಲಿ ‘ಕೈದಿಯ ಕೀಲಿಕೈ’ ಎಂದು ತಗಡಿನ ನಕಲು ಮಾರುತ್ತಿದ್ದರು. ಅವಳು ಬರುವಾಗಲೇ ನೋಡಿದ್ದಳು, ಬೆಲೆ ಜಾಸ್ತಿಯೆಂದು ಬಿಟ್ಟಿದ್ದಳು. ಇಲ್ಲಿ ಬಿಟ್ಟಿ, ಅದೂ ಕೈದಿಯ ಕೈಯಿಂದಲೇ! ಕೀಲಿಕೈಯನ್ನು ಕಣ್ಣಿಗೊತ್ತಿ ಚೀಲಕ್ಕೆ ಹಾಕಿ, ಬದಲಿಗೆ ಎರಡು ಬಿಸ್ಕತ್ತು ಕಿಂಡಿಯೊಳಗೆ ತಳ್ಳಿ, ಅವನ ಬೆರಳು ತಟ್ಟಿ ಹೊರಟೇಬಿಟ್ಟಳು. ಬೀಗದಣ್ಣ ಕೂಗಿದಷ್ಟೂ ಅವಳು ತಿರುಗಿ ತಿರುಗಿ ಕೈಬೀಸಿದಳು.

ಆ ಕೂಗಿಗೆ ಕಚೇರಿಯ ಗುಮಾಸ್ತರು ಬಂದರು. ಮಂಡಿನೋವಿನ ಮನುಷ್ಯ, ಕಿಂಡಿಯ ಮಟ್ಟಕ್ಕೆ ಬಗ್ಗಲು ಅವರಿಗೆ ಮೂರು ಕಂತು ಬೇಕಾಯಿತು.

“ಒಳಗೇನೋ ಮಾಡ್ತಿದ್ದೀಯ?”

“ಸಿಕ್ಕಾಕ್ಕೊಂಡಿದ್ದೀನಿ ಸ್ವಾಮಿ. ನಿಮ್ಮ ಹತ್ರ ಇನ್ನೊಂದು ಕೀಲಿಕೈ ಇದೆಯಲ್ಲ, ಸ್ವಲ್ಪ ತಗೊಂಬನ್ನಿ.”

“ಅದಕ್ಕೇನಂತೆ, ಕೊಡೋಣ. ಮೊದಲ್ನೇ ಕೀಲಿಕೈ ವಾಪಸ್ ಕೊಡು, ರಿಜಿಸ್ಟರಲ್ಲಿ ಬರ್ಕೊಂಡು ಎರಡನೇದು ಕೊಡ್ತೀನಿ.”

“ಮೊದಲ್ನೇದನ್ನ ಒಬ್ಬ ಅಜ್ಜಿ ತಗೊಂಡು ಹೋದ್ಲು.”

“ಹಾಗಾದ್ರೆ ಕಳೆದುಹೋಯ್ತು ಅನ್ನು. ಕಳೆದುಹೋದ್ರೆ ಕಳೆದವನು ಅರ್ಜಿ ಬರೀಬೇಕು, ನಿರ್ದೇಶಕರು ಸಹಿ ಹಾಕ್ಬೇಕು.” ಗುಮಾಸ್ತರು ದನಿ ತಗ್ಗಿಸಿದರು. “ನೋಡು, ನಾನು ನಿನ್ನ ಹಿತಕ್ಕೆ ಹೇಳೋದು. ನಿನಗಿರೋದು ಒಂದು ಬೀಗ, ಒಂದು ಕೀಲಿಕೈ. ಖಾಯಂ ಮಾಡೋಕೆ ಅಂತ ಬಂದವರ ಕೈಗೆ ಕೀಲಿಕೈ ಕಳೆದ ಅರ್ಜಿ ಕೊಡ್ತೀಯಾ? ಅರಿವೆ ಕಳ್ಕೊಂಡ ದರ್ಜಿಗೆ ಯಾರಾದ್ರೂ ಬಟ್ಟೆ ಕೊಡ್ತಾರೇನೋ?”

“ಬಾಗಿಲು ಒಡೆದುಬಿಡಿ ಸ್ವಾಮಿ, ಹಾಗಾದ್ರೆ!”

“ಮೆಲ್ಲಗೆ ಮಾತಾಡು! ಇನ್ನೂರು ವರ್ಷದ ಬಾಗಿಲು. ಒಂದು ಮೊಳೆ ಅಲ್ಲಾಡಿದ್ರೂ ಮೂರು ವರ್ಷ ಜೈಲು.” ತಾವು ನಿಂತ ಜಾಗ ನೆನಪಾಗಿ ಅವರು ಒಮ್ಮೆ ಕೆಮ್ಮಿದರು. “ಸುಮ್ನೆ ಕೂತಿರು. ದೊಡ್ಡೋರು ಬಂದು ಹೋಗ್ಲಿ. ಆಮೇಲೆ ಏನಾದ್ರೂ ಮಾಡೋಣ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು.”

“ನನ್ನ ಎಲ್ಲಿ ಅಂತ ಕೇಳಿದ್ರೆ?”

“ಇಲ್ಲೇ ಇದ್ದಾನೆ ಅಂತೀನಿ. ಸುಳ್ಳಲ್ಲವಲ್ಲ!”

ಗುಮಾಸ್ತರ ಚಪ್ಪಲಿ ಸದ್ದು ದೂರವಾಯಿತು. ಬೀಗದಣ್ಣ ಗೋಡೆಗೊರಗಿ ಕೂತ. ಎಂಟಡಿ ಉದ್ದ, ಆರಡಿ ಅಗಲ. ತಲೆಯ ಮೇಲೆ ಅಂಗೈಯಗಲದ ಗವಾಕ್ಷಿ, ಅದರಲ್ಲಿ ಒಂದು ತುಂಡು ಕಡಲು. ಎದುರುಗೋಡೆಯ ತುಂಬ ಕೈದಿ ದಿನ ಎಣಿಸಿದ ಗೀರುಗಳು. ಅವನ್ನು ನೋಡಿ ಬಂದವರೆಲ್ಲ ನಿಟ್ಟುಸಿರು ಬಿಡುತ್ತಿದ್ದರು. ಆ ಗೀರುಗಳನ್ನು ಹಿಂದಿನ ನಿರ್ದೇಶಕರ ಆಜ್ಞೆಯ ಮೇಲೆ ಎರಡು ಮಧ್ಯಾಹ್ನಗಳಲ್ಲಿ ಮೊಳೆಯಿಂದ ಕೆತ್ತಿದವನು ಬೀಗದಣ್ಣನೇ.

ಕೈದಿಯಂತೂ ನಿಜವಾಗಿ ಇದ್ದ. ಒಂದು ರಾತ್ರಿ ದೀಪಸ್ತಂಭದ ದೀಪಕ್ಕೆ ಎಣ್ಣೆ ಹಾಕಲು ಮರೆತವನು. ಹಡಗೊಂದು ಬಂಡೆಗೆ ಬಡಿಯಿತು. ಶಿಕ್ಷೆ ಆರು ತಿಂಗಳು. ಬಿಡುಗಡೆಯ ಕಾಗದಕ್ಕೆ ಸಹಿ ಮಾಡಬೇಕಾದ ಜೈಲರ್ ಅಷ್ಟರಲ್ಲಿ ಜ್ವರದಿಂದ ಸತ್ತ. ಹೊಸ ಜೈಲರನಿಗೆ ಕಾಗದ ಸಿಗಲಿಲ್ಲ. ದೀಪದವನು ಹನ್ನೊಂದು ವರ್ಷ ಅಲ್ಲೇ ಇದ್ದು, ಅಲ್ಲೇ ಹೋದ. ಈ ಕಥೆಯನ್ನು ಬೀಗದಣ್ಣ ಹತ್ತೊಂಬತ್ತು ವರ್ಷ ಬಸ್ಸಿನ ಕಂಡಕ್ಟರ್ ನಿಲ್ದಾಣದ ಹೆಸರು ಕೂಗುವಂತೆ ಹೇಳಿದ್ದ. ಈಗ, ಎಣ್ಣೆ ಹಾಕದೆ ಒಬ್ಬ ಒಳಗೆ ಬಂದ, ಹಾಕಿ ಒಬ್ಬ ಬಂದ ಎಂದು ಹೊಳೆದು ನಗು ಬಂತು. ನಗುತ್ತ ಕೈ ನೆಲಕ್ಕೂರಿದ. ಗೋಡೆಯ ಬುಡದಲ್ಲಿ, ಕೂತವನ ಕೈಗೆ ಮಾತ್ರ ಎಟಕುವ ಕಡೆ, ಬೆರಳಿಗೆ ಏನೋ ತಾಗಿತು. ಸಣ್ಣ ಸಣ್ಣ ಗೀರುಗಳು, ಐದೈದರ ಕಟ್ಟು. ಇವನ್ನು ಅವನು ಕೆತ್ತಿರಲಿಲ್ಲ. ಬೆರಳಾಡಿಸುತ್ತ ಹೋದ, ಗೋಡೆ ಮುಗಿದು ಮೂಲೆ ತಿರುಗಿ ಮುಂದಿನ ಗೋಡೆಗೂ ಅವು ಹೋಗಿದ್ದವು. ಬೀಗದಣ್ಣ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. ನಗು ನಿಂತಿತ್ತು. ಇದ್ದ ಎರಡು ಬಿಸ್ಕತ್ತಿನಲ್ಲಿ ಒಂದನ್ನು ಸಂಜೆಗೆ ಇರಲಿ ಎಂದು ಜೇಬಿಗೆ ಹಾಕಿದ.

ಒಂದು ಗಂಟೆಗೆ ಗೈಡ್ ನಲವತ್ತು ಜನರನ್ನು ಕರೆತಂದ. ದೋಣಿ ಕೆಟ್ಟು ದೋಣಿ ವಿಹಾರ ತಪ್ಪಿತ್ತು, ಸಮಯ ಮಿಕ್ಕಿತ್ತು. ಗೈಡನೆಂದರೆ, ಒಂದು ಕಲ್ಲು ತೋರಿಸಿದರೆ ಅದರ ಮೇಲೆ ಮೂರು ರಾಜರನ್ನು ಸಾಯಿಸಬಲ್ಲವನು.

“ಗೈಡಣ್ಣಾ! ನಾನು, ಬೀಗದಣ್ಣ! ಅಜ್ಜಿಯೊಬ್ಬಳು ಬಿಳಿ ಬೂಟು ಹಾಕ್ಕೊಂಡು ಬಂದಿದ್ಲು, ಅವಳ ಹತ್ರ ಕೀಲಿಕೈ ಇದೆ, ಹುಡುಕಪ್ಪ! ಸಂಜೆ ಒಳಗೆ ನಾನು ಮನೆ ಮಾಡ್ಕೊಳ್ದೆ ಇದ್ರೆ ಹೆಂಡ್ತಿ ಮಗಳು ಬೀದಿಗೆ ಬೀಳ್ತಾರೆ!”

ನಲವತ್ತು ಜನ ಬೆಚ್ಚಿ, ಗೈಡನ ಮುಖ ನೋಡಿದರು. ಗೈಡ್ ಅರೆಗಳಿಗೆ ತಬ್ಬಿಬ್ಬಾದ. ಆಮೇಲೆ ಅವರ ಭಾಷೆಯಲ್ಲಿ, ನಡುಗುವ ದನಿಯಲ್ಲಿ ಅನುವಾದಿಸಿದ. ಅನುವಾದ ಉದ್ದವಾಗಿತ್ತು. ಮುಗಿಯುವಷ್ಟರಲ್ಲಿ ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಒಬ್ಬ ದಢೂತಿ ಮನುಷ್ಯ ಟೋಪಿ ತೆಗೆದ.

“ಏನಂದೆ ಅವರಿಗೆ?”

“ದೀಪದವನ ಕಥೆ. ನೀನು ಹೇಳಿದ್ದಕ್ಕೆ ಒಂಚೂರು ಒಗ್ಗರಣೆ ಹಾಕ್ದೆ.” ಗೈಡ್ ಕಿಂಡಿಗೆ ಬಾಯಿಟ್ಟು ಪಿಸುಗುಟ್ಟಿದ. “ಅಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ಇನ್ನೊಂದು ಸಲ ಅಳು. ಇಪ್ಪತ್ತು ವರ್ಷದಲ್ಲಿ ಈ ಊರಲ್ಲಿ ಯಾರೂ ಏನು ನೋಡಿಯೂ ಕಣ್ಣೀರು ಹಾಕಿರ್ಲಿಲ್ಲ.”

“ಅಜ್ಜಿ…”

“ಹುಡುಕ್ತೀನಿ, ಖಂಡಿತ ಹುಡುಕ್ತೀನಿ. ನೀನು ಅಳು.”

ಬೀಗದಣ್ಣ ಅಳಬೇಕೆಂದು ಅಳಲಿಲ್ಲ. ಅಳು ತಾನೇ ಬಂತು.

ಸುದ್ದಿ ಹಡಗಿನವರಲ್ಲಿ ಹಬ್ಬಿತು. ಎರಡು ಗಂಟೆಗೆ ಅರವತ್ತು ಜನ, ಎರಡೂವರೆಗೆ ಸಾಲು ಕೋಟೆ ಬಾಗಿಲು ದಾಟಿತು. ಫಿರಂಗಿಯ ಮೇಲೆ ಕೂತವರೂ ಇಳಿದು ಬಂದರು. ಕಿಂಡಿಯಿಂದ ರೊಟ್ಟಿ ಚೂರು, ಕಿತ್ತಳೆ, ಒಂದು ಜೊತೆ ಕಾಲುಚೀಲ ಒಳಬಂದವು. ಬಿಳಿ ಬೂಟುಗಳೂ ಎಷ್ಟೋ ಬಂದವು, ಪ್ರತಿಯೊಂದಕ್ಕೂ ಬೀಗದಣ್ಣ “ಅಜ್ಜೀ!” ಎಂದು ಕೂಗಿದ. ಕೈದಿ ಸಾಯುವ ಮುನ್ನ ಅಜ್ಜಿಯನ್ನು ಕರೆಯುತ್ತಿದ್ದ ಎಂದು ಗೈಡ್ ಕಥೆಗೆ ಸೇರಿಸಿದ.

ಮೂರಕ್ಕೆ ಸರಿಯಾಗಿ ನಿರ್ದೇಶಕರು ಬಂದರು. ಆ ಜೈಲಿನ ಮುಂದೆ ಸಾಲು ಕಂಡು ದಾರಿ ತಪ್ಪಿದೆನೆಂದುಕೊಂಡು ವಾಪಸು ಹೊರಟಿದ್ದರಂತೆ. ಗುಮಾಸ್ತರು ಓಡಿಹೋಗಿ ಕರೆತಂದರು.

“ಏನ್ರೀ ಇದು, ಇಷ್ಟು ಜನ?”

“ಒಂಬತ್ತನೇ ಕೋಣೆ ನೋಡೋಕೆ ಸಾರ್.”

“ಬೀಗ ನೋಡ್ಕೊಳ್ಳೋನು ಎಲ್ಲಿ? ಅವನದೇ ಕಡತ ತಂದಿದ್ದೀನಿ ನಾನು.”

“ಇಲ್ಲೇ ಇದ್ದಾನೆ ಸಾರ್,” ಎಂದರು ಗುಮಾಸ್ತರು, ಎರಡೂ ಕಡೆ ನೋಡುತ್ತ.

“ಇಲ್ಲೇ ಅಂದ್ರೆ? ಪರಿಶೀಲನೆ ದಿನವೂ ಜಾಗದಲ್ಲಿಲ್ಲ ಅಂದ್ರೆ ಅಂಥವನನ್ನ ಖಾಯಂ ಮಾಡೋದು ಹೇಗ್ರಿ?” ಕಡತ ಮುಚ್ಚುವ ಸದ್ದು ಒಳಗೂ ಕೇಳಿಸಿತು.

ಅತ್ತ ದರಿ, ಇತ್ತ ಪುಲಿ. ಇದ್ದೇನೆಂದರೆ ಕೀಲಿಕೈ ಕಳೆದವನು, ಸುಮ್ಮನಿದ್ದರೆ ಕೆಲಸಕ್ಕೆ ಬಾರದವನು. ಬೀಗದಣ್ಣನ ಕಣ್ಣ ಮುಂದೆ ಮಹಡಿ ಮೆಟ್ಟಿಲಿನ ಬುಡದಲ್ಲಿ ಗಂಟುಮೂಟೆಯ ಮೇಲೆ ಕೂತ ಹೆಂಡತಿ, ಮಗಳು ಬಂದರು. ಅವನು ಬಾಗಿಲಿಗೆ ಎರಡೂ ಮುಷ್ಟಿ ಬಡಿದ.

“ಇಲ್ಲೇ ಇದ್ದೀನಿ ಸ್ವಾಮೀ! ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದ್ದೀನಿ! ಒಂದು ದಿನ ರಜೆ ಹಾಕಿಲ್ಲ, ಹತ್ತೊಂಬತ್ತು ಅರ್ಜಿ ಬರ್ದಿದ್ದೀನಿ, ಒಬ್ಬರೂ ಓದ್ಲಿಲ್ಲ! ನನ್ನ ಕಾಗದಕ್ಕೆ ಒಂದು ಸಹಿ ಹಾಕಿ ಸ್ವಾಮಿ! ನನಗೇನೂ ಬೇಡ, ತಲೆ ಮೇಲೊಂದು ಸೂರು ಸಾಕು! ಇಲ್ದಿದ್ರೆ ಇಲ್ಲೇ ಸಾಯ್ತೀನಿ!”

ಗೈಡ್ ಅನುವಾದಿಸಲೂ ಇಲ್ಲ, ಅಗತ್ಯವಿರಲಿಲ್ಲ. ಆಮೇಲೆ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ನಿರ್ದೇಶಕರು ಕರವಸ್ತ್ರ ತೆಗೆದು ಮೂಗೊರೆಸಿಕೊಂಡರು.

“ಯಾರ್ರೀ ಇವನು?”

ಗುಮಾಸ್ತರು ಒಂದು ಹೆಜ್ಜೆ ಹಿಂದೆ ಸರಿದರು. “ಅವನೇ ಸಾರ್. ಬೀಗದವನು.”

“ಅವನೇ? ಬೆಳಿಗ್ಗೆಯಿಂದ ಒಳಗೇ ಇದ್ದಾನಾ?”

“ಹತ್ತು ಗಂಟೆಯಿಂದ ಸಾರ್. ಊಟಕ್ಕೂ ಎದ್ದಿಲ್ಲ.”

“ಎಂಥ ಶ್ರದ್ಧೆ! ನಾವು ಲಕ್ಷ ಲಕ್ಷ ಸುರಿದು ದೀಪಸ್ತಂಭಕ್ಕೆ ಬಣ್ಣ ಹೊಡಿಸ್ತಾ ಇದ್ದೀವಿ, ನೋಡಿ. ಎಲ್ಲಿ ಆ ಕಡತ? ಪೆನ್ ಕೊಡಿ. ಸ್ವಲ್ಪ ಬಗ್ಗಿ.”

ಗುಮಾಸ್ತರು ಮಂಡಿನೋವು ಮರೆತು ಬಗ್ಗಿದರು. ಅವರ ಬೆನ್ನ ಮೇಲೆ ಕಾಗದವಿಟ್ಟು ನಿರ್ದೇಶಕರು ಖಾಲಿ ಬಿಟ್ಟಿದ್ದ ಸಾಲುಗಳನ್ನು ತಾವೇ ತುಂಬಿದರು, ಸಹಿ ಹಾಕಿದರು. “ಇದನ್ನ ಅವನಿಗೆ ಕಿಂಡಿಯಿಂದಲೇ ಕೊಡಿ. ಜನ ನೋಡಲಿ, ಚೆನ್ನಾಗಿರುತ್ತೆ.”

ಮಡಚಿದ ಎರಡು ಹಾಳೆ ನೆಲದ ಮೇಲೆ ಜಾರಿ ಬಂದವು. ಬೀಗದಣ್ಣ ಗವಾಕ್ಷಿಯ ಬೆಳಕಿಗೆ ಹಿಡಿದ. ಮೊದಲ ಹಾಳೆಯಲ್ಲಿ ಅವನ ಹೆಸರು, ಅದರ ಮುಂದೆ ‘ಖಾಯಂ’. ಹತ್ತೊಂಬತ್ತು ವರ್ಷ ಕನಸಿನಲ್ಲಿ ಕಂಡ ಪದ. ಅವನಿಗೆ ಅಕ್ಷರ ಮಂಜಾಯಿತು. ಹೊರಗೆ ಹಡಗು ಮೊದಲ ಕೂಗು ಹಾಕಿತು. ಜನ ಬಂದರಿನತ್ತ ಓಡಿದರು. ಅವರ ನಡುವೆ ಬಿಳಿ ಬೂಟುಗಳೆರಡು ನಿಧಾನವಾಗಿ ಕಿಂಡಿಯ ಮುಂದೆ ಹಾದುಹೋದದ್ದನ್ನು ಅವನು ನೋಡಲಿಲ್ಲ. ಅವನು ಕಣ್ಣೊರೆಸಿಕೊಂಡು ಎರಡನೆಯ ಹಾಳೆ ತಿರುವುತ್ತಿದ್ದ.

‘ಹುದ್ದೆ: ಕೈದಿ, ಒಂಬತ್ತನೇ ಕೋಣೆ. ಪೂರ್ಣಾವಧಿ. ಬಾಗಿಲು ತೆರೆದು ಮುಚ್ಚುವ ಅಗತ್ಯ ಇನ್ನಿಲ್ಲವಾದ್ದರಿಂದ ಬೀಗ ನೋಡಿಕೊಳ್ಳುವವರ ಹುದ್ದೆಯನ್ನು ಇಂದಿನಿಂದ ರದ್ದುಪಡಿಸಲಾಗಿದೆ. ಸದರಿ ನೌಕರರಿಗೆ ವಸತಿಯು ಕೆಲಸದ ಸ್ಥಳದಲ್ಲೇ ಇರುವುದರಿಂದ ಬೇರೆ ವಸತಿಗೃಹ ಕೊಡಲು ಅವಕಾಶವಿರುವುದಿಲ್ಲ.’

ಬೀಗದಣ್ಣ ಅದನ್ನು ಎರಡು ಸಲ ಓದಿದ. ಎರಡನೆಯ ಸಲ ಓದುವಾಗ ಹಡಗಿನ ಕೊನೆಯ ಕೂಗು ಕೇಳಿಸಿತು. ಗವಾಕ್ಷಿಯ ಆ ತುಂಡು ಕಡಲಿನಲ್ಲಿ ಅದು ಬಿಳಿಯದಾಗಿ, ದೊಡ್ಡದಾಗಿ ಬಂದು, ಅವನ ಕೀಲಿಕೈಯನ್ನು ಹೊತ್ತು, ಚೌಕಟ್ಟಿನಾಚೆ ಹೋಯಿತು.

“ಗುಮಾಸ್ತರೇ! ಈಗಲಾದ್ರೂ ಬಾಗಿಲು ತೆಗೀರಿ!”

“ತೆಗೀಬೇಕಪ್ಪ. ಆದ್ರೆ ಈಗ ಹೊಸ ತೊಡಕು ಬಂತು.” ಗುಮಾಸ್ತರ ದನಿಯಲ್ಲಿ ನಿಜವಾದ ಸಂಕಟವಿತ್ತು. “ಕೀಲಿಕೈ ಕಳೆದ ಅರ್ಜಿ ಬೀಗದವನೇ ಬರೀಬೇಕು ಅಂತ ನಿಯಮ. ಆ ಹುದ್ದೆನೇ ಈಗ ಇಲ್ಲ. ಕೈದಿ ಬರೆದುಕೊಟ್ಟ ಅರ್ಜಿ ಮೇಲೆ ಕೀಲಿಕೈ ಕೊಟ್ಟೆ ಅಂದ್ರೆ ನಾಳೆ ನನ್ನ ಕೆಲಸ ಉಳಿಯುತ್ತಾ? ಮೇಲಕ್ಕೆ ಬರೀತೀನಿ. ಉತ್ತರ ಬರ್ಲಿ.”

ಬಿಸಿಲು ಇಳಿಯುವ ಹೊತ್ತಿಗೆ ಹೆಂಡತಿ, ಭಾವ ಬಂದರು. ಗುಮಾಸ್ತರು ದಾರಿಯಲ್ಲೇ ಎಲ್ಲ ಹೇಳಿದ್ದರು. ಭಾವ ಕಿಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಳಗೆ ಕಣ್ಣಾಡಿಸಿದ.

“ಪರವಾಗಿಲ್ಲ ಕಣಪ್ಪ. ಗಟ್ಟಿ ಗೋಡೆ. ಸೋರಲ್ಲ. ಕಡಲು ಬೇರೆ ಕಾಣುತ್ತೆ. ನನ್ನ ಮನೇಲಿ ನಿನಗೆ ಕಡಲು ಕಾಣ್ತಿತ್ತಾ?”

“ಭಾವ, ನಾಲ್ಕು ದಿನ… ಇವರಿಗೆ…”

“ಅವರ ಚಿಂತೆ ಬಿಡು. ತಂಗಿ, ಅವಳ ಮಗಳು ಅಡಿಗೆಮನೆ ಪಕ್ಕ ಮಲಗ್ತಾರೆ. ಸೊಸೆಗೂ ಕೆಲಸಕ್ಕೆ ಜೊತೆಯಾಗುತ್ತೆ. ಜಾಗ ಸಾಲ್ದೆ ಇದ್ದದ್ದು ನಿನಗೊಬ್ಬನಿಗೇ ತಾನೆ?”

ಹೆಂಡತಿ ಒಂದು ದಿಂಬು ತಂದಿದ್ದಳು. ಅದು ಕಿಂಡಿಯಲ್ಲಿ ಹಿಡಿಯಲಿಲ್ಲ. ಹೊಲಿಗೆ ಬಿಚ್ಚಿ ಹತ್ತಿಯನ್ನು ಹಿಡಿಹಿಡಿಯಾಗಿ ಒಳಗೆ ತಳ್ಳಿದಳು; ಕೊನೆಗೆ ಖಾಲಿ ಚೀಲವನ್ನು, ಸೂಜಿದಾರವನ್ನು. ಬೀಗದಣ್ಣ ಜೇಬಿನಿಂದ ಉಳಿಸಿದ್ದ ಬಿಸ್ಕತ್ತು ತೆಗೆದು, “ಮಗಳಿಗೆ ಕೊಡು,” ಎಂದು ಹೊರಗೆ ಚಾಚಿದ. ಅವಳು ಬಿಸ್ಕತ್ತನ್ನೂ ಬೆರಳುಗಳನ್ನೂ ಒಟ್ಟಿಗೆ ಹಿಡಿದುಕೊಂಡಳು.

“ಎಲ್ಲ ಆ ಎಣ್ಣೆಯಿಂದ ರೀ. ನಾನು ಎರಡೇ ಹನಿ ಅಂದಿದ್ದೆ.”

“ನಾಳೆ ಬರ್ತೀಯಾ?”

ಹಿಂದೆ ನಿಂತಿದ್ದ ಗುಮಾಸ್ತರು ಮೆಲ್ಲಗೆ ಕೆಮ್ಮಿದರು. “ಇವತ್ತು ಬಿಟ್ಟೆ ಅಂತ ಇಟ್ಕೊಳ್ಳಿ. ನಾಳೆಯಿಂದ ಟಿಕೆಟ್ ತಗೋಬೇಕಮ್ಮ. ಖಾಯಂ ನೌಕರರ ಮನೆಯವರಿಗೆ ಅರ್ಧ.”

ಹೆಂಡತಿ ಎದ್ದು ಸೆರಗು ಕೊಡವಿದಳು. ಅಣ್ಣನ ಮನೆಯ ಪಾತ್ರೆ, ಬಟ್ಟೆ, ಬರಲಿರುವ ಸೊಸೆ, ಮಗಳ ಶಾಲೆ ಎಲ್ಲವನ್ನೂ ಮನಸ್ಸಿನಲ್ಲೇ ಒಮ್ಮೆ ಎಣಿಸಿದಳು.

“ದಿನಾ ಅಂದ್ರೆ ಆಗ್ಲಿಕ್ಕಿಲ್ಲ ರೀ,” ಎಂದಳು. “ಸಮಯ ಮಿಕ್ಕರೆ ಬಂದು ನೋಡ್ಕೊಂಡು ಹೋಗ್ತೀನಿ.”

ಅವರ ಹೆಜ್ಜೆಗಳು ಅಂಗಳ ದಾಟುವವರೆಗೂ ಬೀಗದಣ್ಣ ಕಿಂಡಿಗೆ ಕೆನ್ನೆಯೊತ್ತಿ ಮಲಗಿದ್ದ. ಆಮೇಲೆ ಎದ್ದು ಕೂತು, ಕೈಯಲ್ಲಿದ್ದ ಸೂಜಿಯ ಮೊನೆ ನೋಡಿದ. ಮೂಲೆಯಲ್ಲಿ ಆ ಸಣ್ಣ ಗೀರುಗಳು ಮುಗಿದ ಜಾಗವನ್ನು ಬೆರಳಿಂದ ತಡವಿ ಹುಡುಕಿ, ಅದರ ಪಕ್ಕದಲ್ಲಿ ಒಂದು ಗೀರು ಎಳೆದ.